ಇನ್ನೊಬ್ಬರನ್ನು ಕರೆಯುವ ಬಗೆ

ಇಂದಿನ ಚಿಂತನೆ



ಹೋದ ಭಾನುವಾರದ ಓದು ಮುಗಿಯುವ ಹೊತ್ತಿಗೆ ನಮ್ಮ ವಲಯದ ಹಿರಿಯ ಉಪಾಸಿಕೆಯೊಬ್ಬರು ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು. "ಅತ್ತದೀಪ ಅಂತ ಬುದ್ಧರೇ ಹೇಳಿದ ಮೇಲೆ ನಾವು ಯಾರ ಹತ್ತಿರವೂ ಏನೂ ಕೇಳಬಾರದು, ಅಲ್ವಾ?" ಅವರು ಒಬ್ಬರೇ ಇರುತ್ತಾರೆ. ಗ್ಯಾಸ್ ಸಿಲಿಂಡರನ್ನು ಗೇಟಿನಿಂದ ಅಡುಗೆಮನೆವರೆಗೆ ತಾವೇ ಉರುಳಿಸಿಕೊಂಡು ಬರುತ್ತಾರೆ. ಕೇಳುವಾಗ ಅವರ ಮಾತಿನಲ್ಲಿ ಹೆಮ್ಮೆ ಇತ್ತು, ಸ್ವಲ್ಪ ದಣಿವೂ ಇತ್ತು. ಹೊತ್ತು ಮೀರಿದ್ದರಿಂದ ಚರ್ಚೆ ಅಲ್ಲಿಗೇ ನಿಂತಿತು. ಇಂದು ಬರೆಯುವ ಸರದಿ ನನ್ನದು, ಹಾಗಾಗಿ ಅದನ್ನೇ ಎತ್ತಿಕೊಳ್ಳುತ್ತೇನೆ. ಒಂಟಿಯಾಗಿ ಮನೆ ನಡೆಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ನಾನೂ ಅವರಲ್ಲಿ ಒಬ್ಬಳು.

ಸುತ್ತಗಳಿಗೆ ಹೋಗುವ ಮೊದಲು ಒಂದು ಸಾಮಾನಿನ ಕಥೆ ಹೇಳಬೇಕು. ನನ್ನ ಅಂಗಳದಲ್ಲಿ ಒಂದು ಪೂಲ್ ಇತ್ತು. ನೆಲ ಅಗೆದು ಕಟ್ಟಿದ್ದಲ್ಲ, ನೆಲದ ಮೇಲೆ ಜೋಡಿಸಿ ನಿಲ್ಲಿಸುವಂಥದ್ದು. ಸುತ್ತ ಕಬ್ಬಿಣದ ಪೈಪುಗಳ ಚೌಕಟ್ಟು, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ. ತಂಗಿಯ ಮಕ್ಕಳು ಬೇಸಿಗೆ ರಜೆಗೆ ಬಂದಾಗ ಆಡಲೆಂದು ತಂದದ್ದು. ರಜೆ ಮುಗಿದು ಮಕ್ಕಳು ಊರಿಗೆ ಹೋದರು, ಪೂಲ್ ನೀರು ತುಂಬಿಕೊಂಡು ನನ್ನ ಜೊತೆ ಉಳಿಯಿತು. ಹತ್ತು ಅಡಿ ಅಗಲ, ಎರಡು ಅಡಿ ನೀರು. ನೋಡಲು ಆಟದ ಸಾಮಾನು. ಲೆಕ್ಕ ಹಾಕಿದರೆ ಸುಮಾರು 4,400 ಲೀಟರ್, ಅಂದರೆ ನಾಲ್ಕು ಟನ್ನಿಗೂ ಮೇಲೆ ಭಾರ. ಹತ್ತು ಲೀಟರಿನ ಬಕೆಟ್ಟಿನಲ್ಲಿ ಹೊತ್ತು ಹಾಕಿದರೆ 440 ಸಲ ನಡೆಯಬೇಕು.

ಹಾಗೇ ಬಿಡುವಂತೆಯೂ ಇಲ್ಲ. ಜೂನ್ ಮೊದಲ ವಾರಕ್ಕೆ ನಮ್ಮಲ್ಲಿ ಮಳೆ ಹಿಡಿಯುತ್ತದೆ. ಮಂಗಳೂರಿನ ಮಲೇರಿಯಾ ನಿಮಗೆಲ್ಲ ಗೊತ್ತಿರುವುದೇ; ಅದನ್ನು ಹರಡುವ ಸೊಳ್ಳೆಗೆ ಚರಂಡಿ ಬೇಡ, ನಿಂತ ಶುದ್ಧ ನೀರೇ ಬೇಕು. 2019ರ ಡೆಂಗಿ ಕಾಲವನ್ನು ಮರೆತವರು ಇರಲಾರರು. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಅಂಗಳದಲ್ಲಿ ನೀರು ನಿಲ್ಲಿಸಿಕೊಂಡವರ ಮನೆಯ ಸೊಳ್ಳೆ ಕಚ್ಚುವುದು ಬೀದಿಯ ಎಲ್ಲರನ್ನೂ. ಅದಕ್ಕೇ ಇದನ್ನು ನನ್ನ ಖಾಸಗಿ ವಿಷಯ ಎಂದು ನಾನು ಎಣಿಸುವುದಿಲ್ಲ.

ಖಾಲಿ ಮಾಡುವ ಕೆಲಸದ ಮುಕ್ಕಾಲು ಪಾಲನ್ನು ಒಬ್ಬರೇ ಮಾಡಬಹುದು, ಮತ್ತು ಅದರಲ್ಲಿ ನಿಜವಾದ ಖುಷಿ ಇದೆ. ಐದಾರು ದಿನ ಮೊದಲೇ ಬ್ಲೀಚಿಂಗ್ ಪೌಡರ್ ಹಾಕುವುದು ನಿಲ್ಲಿಸಬೇಕು. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ಆಮೇಲೆ ಆ ನೀರನ್ನು ತೆಂಗಿನ ಬುಡಕ್ಕೆ ಬಿಡಬಹುದು. ನಮ್ಮದು ಮುರಕಲ್ಲಿನ ನೆಲ. ಇಲ್ಲಿ ಸುರಿದದ್ದು ಸುಮ್ಮನೆ ಇಂಗಿ ಪಕ್ಕದ ಮನೆಯ ಬಾವಿಯ ಕಡೆಗೇ ಹೋಗುತ್ತದೆ. ಇದನ್ನು ಯೋಚಿಸುವಾಗಲೆಲ್ಲ ನನಗೆ ಮಹಾಡ್ ನೆನಪಾಗುತ್ತದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದ ಮೇಲೆ ಅಲ್ಲಿನ ಸವರ್ಣೀಯರು ಕೆರೆಯಿಂದ 108 ಕೊಡ ನೀರು ಹೊರತೆಗೆದು, ಪಂಚಗವ್ಯ ಬೆರೆಸಿ ಮತ್ತೆ ಸುರಿದು ಶುದ್ಧಿ ಮಾಡಿದೆವು ಎಂದುಕೊಂಡರು. ನೆಲದಡಿಯಲ್ಲಿ ನೀರು ಯಾರ ಬಾವಿಯಿಂದ ಯಾರ ಬಾವಿಗೆ ಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೋ ಏನೋ.

ನೀರು ಇಳಿಸಲು ಸೈಫನ್ ಸಾಕು, ಮೋಟಾರು ಬೇಡ. ಪೈಪಿನ ಒಂದು ತುದಿ ನೀರಿನೊಳಗೆ, ಇನ್ನೊಂದು ತುದಿ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ ಇರಬೇಕು. ಕಷ್ಟ ಏನೆಂದರೆ ನೀರು ತುಂಬಿದ ಪೈಪಿನ ಎರಡೂ ತುದಿಗಳನ್ನು ಒಬ್ಬರೇ ಮುಚ್ಚಿ ಹಿಡಿಯಲಾಗದು. ಅದಕ್ಕೊಂದು ಉಪಾಯ ಉಂಟು. ಇಡೀ ಪೈಪನ್ನು ಸುರುಳಿಯಾಗಿಯೇ ಪೂಲಿನಲ್ಲಿ ಮುಳುಗಿಸಿ, ಗಾಳಿಯ ಗುಳ್ಳೆ ನಿಂತ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೊರಗೆ ಎಳೆದುಕೊಳ್ಳಬೇಕು. ಒಳಗಿನ ತುದಿಗೆ ಕಲ್ಲು ಕಟ್ಟಿರಬೇಕು. ಹೊರಗಿನ ತುದಿ ತಗ್ಗಿಗೆ ಬಂದಾಗ ಬೆರಳು ತೆಗೆದರೆ ಸರಿ, ನೀರು ತಾನೇ ಹರಿಯುತ್ತದೆ. ಒಂದು ಹಗಲು ಒಂದು ರಾತ್ರಿ ಹಿಡಿಯಿತು. ಎರಡು ಗಂಟೆಗೊಮ್ಮೆ ಎದ್ದು ಪೈಪನ್ನು ಒಂದು ತೆಂಗಿನಿಂದ ಇನ್ನೊಂದಕ್ಕೆ ಬದಲಿಸಿದೆ. ಯಾವ ಕಾರಣಕ್ಕೂ ನೀರಿರುವಾಗ ಚೌಕಟ್ಟಿನ ಕಾಲು ಕಳಚಬಾರದು. ನಾಲ್ಕು ಟನ್ ನೀರು ಒಮ್ಮೆಲೇ ನುಗ್ಗಿದರೆ ಎದುರಿಗೆ ನಿಂತವರನ್ನು ಬೀಳಿಸುತ್ತದೆ.

ತಳದ ನೀರಿನಲ್ಲಿ ನಾಲ್ಕಾರು ಗೊದಮೊಟ್ಟೆಗಳಿದ್ದವು. ಜೀವಿಗಳಿರುವ ನೀರನ್ನು ಗೊತ್ತಿದ್ದೂ ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಸುರಿಯಬಾರದೆಂದು ಭಿಕ್ಷುಗಳಿಗೆ ವಿನಯದಲ್ಲಿ ನಿಯಮವೇ ಇದೆ. ನಾವು ಗೃಹಸ್ಥರು. ಬಾಬಾಸಾಹೇಬರು ಕೊಲ್ಲುವ ಇಚ್ಛೆಗೂ ಕೊಲ್ಲಬೇಕಾದ ಅಗತ್ಯಕ್ಕೂ ನಡುವೆ ಗೆರೆ ಎಳೆದಿದ್ದಾರೆ. ಸೊಳ್ಳೆಮರಿಯ ವಿಷಯದಲ್ಲಿ ಅಗತ್ಯವಿದೆ, ಗೊದಮೊಟ್ಟೆಯ ವಿಷಯದಲ್ಲಿ ಇಲ್ಲ. ಅವನ್ನು ತಂಬಿಗೆಯಲ್ಲಿ ತೆಗೆದು ತೋಡಿಗೆ ಬಿಟ್ಟೆ.

ಇಷ್ಟರವರೆಗೆ ಇನ್ನೊಬ್ಬರು ಬೇಕಾಗಲಿಲ್ಲ. ಬೇಕಾಗುವುದು ಇಲ್ಲಿಂದ. ನಾಲ್ಕು ಬೆರಳು ನೀರು ಉಳಿದಾಗ ಸೈಫನ್ ನಿಲ್ಲುತ್ತದೆ. ಒಬ್ಬರು ಹಾಳೆಯ ಅಂಚು ಎತ್ತಿ ಹಿಡಿದರೆ ಇನ್ನೊಬ್ಬರು ಗುಡಿಸಿ ಹೊರಹಾಕಬೇಕು. ಪೈಪುಗಳ ಸಂದು ತುಕ್ಕು ಹಿಡಿದು ಬಿಗಿದಿರುತ್ತದೆ. ಒಬ್ಬರು ಹಿಡಿದು ನಿಂತರೆ ಮಾತ್ರ ಇನ್ನೊಬ್ಬರು ಎಳೆಯಬಹುದು. ಕೊನೆಗೆ ಆ ಹಾಳೆ. ಅದನ್ನು ಪೂರ್ತಿ ಒಣಗಿಸಿ ಮಡಚದಿದ್ದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿದು ಕೊಳೆಯುತ್ತದೆ. ಒಗೆದ ಸೀರೆಯನ್ನು ಅಮ್ಮಂದಿರು ಇಬ್ಬರು ನಿಂತು ತುದಿ ಹಿಡಿದು ಮಡಚುವುದನ್ನು ನೋಡಿದ್ದೀರಲ್ಲ, ಹಾಗೇ.

ಶಾಲೆಯ ಸ್ಟಾಫ್ ರೂಮಿನಲ್ಲಿ ಮಾತಿಗೆ ಮಾತು ಬಂದು ಇದನ್ನು ಹೇಳಿದೆ. ಸಹೋದ್ಯೋಗಿಯೊಬ್ಬರು ಟಿಫಿನ್ ಡಬ್ಬಿ ಮುಚ್ಚುತ್ತಾ, "ಅಲ್ಲಿ ಕಾಲನಿಯಿಂದ ಯಾರನ್ನಾದರೂ ಕರೆಸಿ ಟೀಚರೇ, ಇಂಥ ಕೆಲಸಕ್ಕೆ ಅವರೇ ಸರಿ" ಎಂದರು. ಅವರು ಅಂದರೆ ಯಾರೆಂದು ಕೇಳುವ ಅಗತ್ಯ ಇರಲಿಲ್ಲ. ನಾನೂ ಅವರಲ್ಲೇ ಒಬ್ಬಳೆಂದು ಆ ಮಹನೀಯರಿಗೆ ಗೊತ್ತಿತ್ತೋ ಇಲ್ಲವೋ, ಎರಡೂ ಸಾಧ್ಯ. ಪಾಚಿ, ಲೋಳೆ, ತಳದ ಕೆಸರು ಎಂದ ಕೂಡಲೇ ಅವರ ಮನಸ್ಸಿಗೆ ಒಂದು ಕೇರಿ ಬಂತು. ಕೂಲಿ ಕೊಟ್ಟು ಕೆಲಸಕ್ಕೆ ಕರೆಯುವುದರಲ್ಲಿ ತಪ್ಪೇನೂ ಇಲ್ಲ. ತೆಂಗಿನಕಾಯಿ ಕೀಳುವವರನ್ನು ನಾನು ಕರೆಯುತ್ತೇನೆ, ಕೇಳಿದಷ್ಟು ಕೊಡುತ್ತೇನೆ. ಕೆಲಸ ಗೊತ್ತಿರುವವರು ಯಾರೆಂದು ನೋಡದೆ ಹುಟ್ಟಿನಿಂದ ಯಾರೆಂದು ನೋಡಿ ಕರೆಯುವುದು ಬೇರೆ. ಜಾತಿ ಹಂಚಿರುವುದು ಕೆಲಸವನ್ನಲ್ಲ, ಕೆಲಸಗಾರರನ್ನು ಎಂದು ಬಾಬಾಸಾಹೇಬರು 1936ರಲ್ಲೇ ಬರೆದರು. ಆ ವಾದ ಸ್ಟಾಫ್ ರೂಮಿನ ಒಂದು ವಾಕ್ಯದಲ್ಲಿ ಇನ್ನೂ ಉಸಿರಾಡುತ್ತಿದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊರಗ ಬಂಧುಗಳನ್ನು ಅಜಲಿನ ಹೆಸರಿನಲ್ಲಿ ಕರೆಯುತ್ತಿದ್ದರು. ಕಂಬಳದ ಗದ್ದೆಯಲ್ಲಿ ಓಡಲು, ಡೋಲು ಬಾರಿಸಲು, ಹೇಳಲು ನಾಚಿಕೆಯಾಗುವ ಇನ್ನೂ ಏನೇನಕ್ಕೋ. ಅದನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಬಿಟ್ಟಿ ಚಾಕರಿಯ ನೆನಪಿಲ್ಲದ ಮನೆ ನಮ್ಮಲ್ಲಿ ಯಾವುದಿದೆ? ನಮ್ಮ ಹಿರಿಯರ ಕಿವಿಗೆ 'ಕರೆ' ಎಂಬುದು ಆಜ್ಞೆಯಾಗಿಯೇ ಬಿದ್ದದ್ದು. ಯಾರೂ ಕರೆದ ಕೂಡಲೇ ಓಡಬೇಕಾಗದ ಹಾಗೆ ಮಕ್ಕಳು ಬದುಕಲಿ ಎಂದು ನನ್ನ ಅಪ್ಪ ನಮ್ಮನ್ನು ಓದಿಸಿದರು. ಹೀಗೆ ಬಂದವರಿಗೆ ಇನ್ನೊಬ್ಬರನ್ನು ಕರೆಯುವುದೂ ಕಷ್ಟವೇ. ಕರೆದರೆ ನಾವು ಯಜಮಾನರಾದಂತೆ, ಕೇಳಿಕೊಂಡರೆ ಭಿಕ್ಷುಕರಾದಂತೆ. ಎರಡೂ ಬೇಡವೆಂದು ಸಿಲಿಂಡರನ್ನು ನಾವೇ ಉರುಳಿಸುತ್ತೇವೆ. ಆ ಉಪಾಸಿಕೆಯ ಹೆಮ್ಮೆ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದನ್ನು ಯಾರೂ ಲಘುವಾಗಿ ನೋಡಬಾರದು.

ಈಗ ಸುತ್ತಗಳಿಗೆ ಬರೋಣ. ಕೋಸಂಬಿಯ ಜಗಳ ನೀವು ಓದಿದ್ದೀರಿ. ಅಟ್ಠಕಥೆಯ ಪ್ರಕಾರ ಅದು ಶುರುವಾದದ್ದು ಒಂದು ಪಾತ್ರೆಯ ನೀರಿನಿಂದ. ಧಮ್ಮ ಬೋಧಿಸುವ ಭಿಕ್ಷುವೊಬ್ಬರು ಶೌಚಗೃಹದ ಪಾತ್ರೆಯಲ್ಲಿ ಉಳಿದ ನೀರನ್ನು ಚೆಲ್ಲದೆ ಬಂದರು. ವಿನಯ ಬಲ್ಲ ಇನ್ನೊಬ್ಬರು ಅದನ್ನು ನೋಡಿ ದೋಷ ಎಂದರು. ಮಾತು ಶಿಷ್ಯರಿಗೆ ಹೋಯಿತು, ಶಿಷ್ಯರಿಂದ ಉಪಾಸಕರಿಗೆ ಹೋಯಿತು, ಸಂಘ ಎರಡಾಯಿತು. ಭಗವಾನ್ ಬುದ್ಧರೇ ಹೇಳಿದರೂ ಕೇಳಲಿಲ್ಲ. ಅವರು ಯಾರಿಗೂ ಹೇಳದೆ ಒಬ್ಬರೇ ಹೊರಟುಬಿಟ್ಟರು. ಹೋಗಿ ತಲುಪಿದ್ದು ಪಾಚೀನವಂಸ ವನಕ್ಕೆ. ಅಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳಿದ್ದರು. ಕಾವಲುಗಾರ ಬುದ್ಧರ ಗುರುತು ಹಿಡಿಯದೆ, ಒಳಗಿರುವವರಿಗೆ ತೊಂದರೆ ಕೊಡಬೇಡಿ ಎಂದು ತಡೆದನಂತೆ. ನನಗೆ ಆ ಕಾವಲುಗಾರನ ಮೇಲೆ ಬಹಳ ಪ್ರೀತಿ.

ನೀವು ಹೇಗೆ ಒಟ್ಟಿಗೆ ಬದುಕುತ್ತಿದ್ದೀರಿ ಎಂದು ಬುದ್ಧರು ಕೇಳಿದಾಗ ಅನುರುದ್ಧರು ಕೊಟ್ಟ ಉತ್ತರದಲ್ಲಿ ಧ್ಯಾನದ ಮಾತು ಮೊದಲು ಬರುವುದಿಲ್ಲ. ಪಾತ್ರೆ ತೊಳೆಯುವುದು, ಜಾಗ ಗುಡಿಸುವುದು, ನೀರಿನ ಕೊಡ ತುಂಬುವುದು ಬರುತ್ತದೆ. ಕುಡಿಯುವ ನೀರಿನ ಕೊಡವಾಗಲಿ, ಶೌಚದ ನೀರಿನ ಕೊಡವಾಗಲಿ, ಖಾಲಿಯಾದದ್ದನ್ನು ಯಾರು ನೋಡುತ್ತಾರೋ ಅವರೇ ತುಂಬುತ್ತಾರೆ. ಒಬ್ಬರಿಗೆ ಎತ್ತಲಾರದಷ್ಟು ಭಾರವಿದ್ದರೆ ಕೈಸನ್ನೆಯಿಂದ ಇನ್ನೊಬ್ಬರನ್ನು ಕರೆದು, ಇಬ್ಬರೂ ಕೈ ಸೇರಿಸಿ ಎತ್ತಿಡುತ್ತಾರೆ. ಅದಕ್ಕಾಗಿ ಮೌನ ಮುರಿಯುವುದಿಲ್ಲ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕುಳಿತು ಧಮ್ಮ ಮಾತಾಡುತ್ತಾರೆ.

ಶೌಚದ ಕೊಡ ತುಂಬುವವರು ಬೇರೆ, ಕುಡಿಯುವ ಕೊಡ ತುಂಬುವವರು ಬೇರೆ ಎಂಬ ವ್ಯವಸ್ಥೆ ಅಲ್ಲಿಲ್ಲ. ನೋಡಿದವರದ್ದೇ ಕೆಲಸ. ಭಾರವಾದರೆ ಕರೆಯುವುದಕ್ಕೆ ಸಂಕೋಚವೂ ಇಲ್ಲ, ಕರೆಸಿಕೊಂಡವರಿಗೆ ಅವಮಾನವೂ ಇಲ್ಲ. ಅನುರುದ್ಧರು ಶಾಕ್ಯರ ಮನೆತನದಲ್ಲಿ ಆಳುಕಾಳುಗಳ ನಡುವೆ ಬೆಳೆದವರು. ಕರೆಯುವುದು ಅವರಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಈ ಬಗೆಯ ಕರೆಯನ್ನು ಅವರು ವನದಲ್ಲಿ ಕಲಿತಿರಬೇಕು.

'ಅತ್ತದೀಪ'ದ ಮಾತಿಗೆ ಬಂದರೆ, ಅದು ಮಹಾಪರಿನಿಬ್ಬಾಣ ಸುತ್ತದಲ್ಲಿ ಬರುತ್ತದೆ. ಬೇಲುವ ಗ್ರಾಮದಲ್ಲಿ ಕಾಯಿಲೆಯಿಂದ ಎದ್ದ ವೃದ್ಧ ಬುದ್ಧರು ಅದನ್ನು ಆನಂದರಿಗೆ ಹೇಳಿದರು. ತಾವು ಹೋದ ಮೇಲೆ ಸಂಘಕ್ಕೆ ದಾರಿ ಯಾರು ಎಂಬ ಪ್ರಶ್ನೆಗೆ ಅದು ಉತ್ತರ. ಯಾವ ಗುರುವಿಗೂ ದೇವರಿಗೂ ಬುದ್ಧಿಯನ್ನು ಒಪ್ಪಿಸಬೇಡಿ, ಧಮ್ಮವೇ ಆಸರೆ ಎಂದರ್ಥ. ಅದೇ ಸುತ್ತದಲ್ಲಿ ಇನ್ನಷ್ಟು ಮುಂದೆ ಓದಿ. ಚುಂದನ ಮನೆಯ ಊಟದ ನಂತರ ದಾರಿಯಲ್ಲಿ ದಣಿದು ಮರದ ಕೆಳಗೆ ಕುಳಿತ ಬುದ್ಧರು ಆನಂದರಿಗೆ ನೀರು ತಂದುಕೊಡು ಎನ್ನುತ್ತಾರೆ. ಗಾಡಿಗಳು ಹಾದುಹೋಗಿ ಹೊಳೆ ಕದಡಿದೆ ಎಂದು ಆನಂದರು ಹಿಂಜರಿಯುತ್ತಾರೆ. ಬುದ್ಧರು ಮತ್ತೆ ಕೇಳುತ್ತಾರೆ. ಮೂರು ಸಲ ಕೇಳುತ್ತಾರೆ. ನಿನಗೆ ನೀನೇ ದೀಪ ಎಂದವರು ಬಾಯಾರಿದಾಗ ಮೂರು ಸಲ ನೀರು ಕೇಳಿದರು.

ಆನಂದರು ಸ್ವತಃ ಬಾವಿಯ ಬಳಿ ಪ್ರಕೃತಿ ಎಂಬ ಚಂಡಾಲ ಹುಡುಗಿಯಲ್ಲಿ ನೀರು ಕೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ತನ್ನ ಜಾತಿ ಹೇಳಿದ ಅವಳಿಗೆ, ನಾನು ಕೇಳಿದ್ದು ಜಾತಿಯನ್ನಲ್ಲ, ನೀರನ್ನು ಎಂಬರ್ಥದ ಮಾತು ಹೇಳಿದರು. ಆ ಕಥೆಯನ್ನು ನಾವು ಯಾವಾಗಲೂ ಆನಂದರ ಔದಾರ್ಯ ಎಂದು ಓದುತ್ತೇವೆ. ನನಗೆ ಅದರಲ್ಲಿ ಕಾಣುವುದು ಬಾಯಾರಿಕೆ. ಅವರಿಗೆ ನಿಜವಾಗಿಯೂ ನೀರು ಬೇಕಿತ್ತು, ಕೊಡುವ ಶಕ್ತಿ ಅವಳ ಕೈಯಲ್ಲಿತ್ತು.

ಒಂಟಿ ಬದುಕಿನ ಬಗ್ಗೆಯೂ ಒಂದು ಸುತ್ತ ಉಂಟು, ಸಂಯುತ್ತ ನಿಕಾಯದಲ್ಲಿ. ಥೇರ ಎಂಬ ಹೆಸರಿನ ಭಿಕ್ಷು ಒಬ್ಬರೇ ಇರುತ್ತಿದ್ದರು, ಒಬ್ಬರೇ ಭಿಕ್ಷೆಗೆ ಹೋಗುತ್ತಿದ್ದರು, ಏಕಾಂತವನ್ನೇ ಹೊಗಳುತ್ತಿದ್ದರು. ಬುದ್ಧರು ಅದು ತಪ್ಪೆನ್ನಲಿಲ್ಲ. ಇದಕ್ಕಿಂತ ಪೂರ್ಣವಾದ ಏಕಾಂತ ಒಂದಿದೆ ಎಂದರು: ಕಳೆದದ್ದನ್ನು ಬಿಡುವುದು, ಬರಲಿರುವುದಕ್ಕೆ ಅಂಟದಿರುವುದು, ಈಗಿನದರ ಮೇಲಿನ ಆಸೆಯನ್ನು ತೆಗೆದುಹಾಕುವುದು. ಪಕ್ಕದ ಮನೆಯವರ ಹತ್ತಿರ ಮಾತಾಡಬೇಡ ಎಂದು ಅದರಲ್ಲಿ ಎಲ್ಲೂ ಇಲ್ಲ.

ನಾನು ಕರೆದದ್ದು ಪಕ್ಕದ ಮನೆಯ ಬಾಯಮ್ಮನನ್ನು. ನಿವೃತ್ತ ನರ್ಸ್, ಮಕ್ಕಳು ಕೊಲ್ಲಿಯಲ್ಲಿ, ಅವರೂ ಒಬ್ಬರೇ. ತಳದ ಲೋಳೆಯನ್ನು ಹಿಡಿಸೂಡಿಯಲ್ಲಿ ಉಜ್ಜುವ ಕೆಲಸವನ್ನು ಮೊದಲೇ ನಾನು ಮುಗಿಸಿದ್ದೆ. ಕೊಳಕಿನ ಪಾಲನ್ನು ಇನ್ನೊಬ್ಬರಿಗೆ ಇಟ್ಟು ಕರೆಯುವುದು ಕರೆಯೇ ಅಲ್ಲ. ಬೇಲಿಯ ಬಳಿ ನಿಂತು ಹೇಳಿದೆ: "ಬಾಯಮ್ಮ, ಒಂದು ಗಂಟೆ ಹೊತ್ತು ನಿಮ್ಮ ಕೈ ಬೇಕಿತ್ತು. ಎತ್ತಲಿಕ್ಕಿಲ್ಲ, ಹಿಡ್ಕೊಂಡರೆ ಸಾಕು. ಆಗದಿದ್ದರೆ ಆಗುದಿಲ್ಲ ಅಂತ ಹೇಳಿ, ಏನೂ ಬೇಸರ ಇಲ್ಲ." ಅವರು, "ನಾಳೆ ಇಗರ್ಜಿಗೆ ಹೋಗ್ಲಿಕ್ಕುಂಟು ಟೀಚರೇ, ನಾಡಿದ್ದು ಬೆಳಿಗ್ಗೆ ಬರ್ತೇನೆ" ಎಂದರು. ಇಲ್ಲ ಎನ್ನುವ ಸ್ವಾತಂತ್ರ್ಯ ಇರುವವರು ಮಾತ್ರ ಹೀಗೆ ದಿನ ಮುಂದೂಡಬಲ್ಲರು. ಬಿಟ್ಟಿಗೆ ಕರೆಸಿಕೊಂಡವರಿಗೆ ನಾಡಿದ್ದು ಎನ್ನುವ ಅವಕಾಶ ಇರಲಿಲ್ಲ.

ಇದಕ್ಕಿಂತ ಕಷ್ಟದ ವಿಷಯ ಒಂದಿದೆ, ಅದನ್ನು ಬರೆಯದೆ ಈ ಚಿಂತನೆ ಮುಗಿಸುವುದು ಸರಿಯಲ್ಲ. ನಮ್ಮಲ್ಲಿ ಬಾಡಿಗೆ ಮನೆಯಲ್ಲಿರುವ ಎಷ್ಟೋ ಮಂದಿ ಬಾಬಾಸಾಹೇಬರ ಫೋಟೋವನ್ನು ಮುಂದಿನ ಕೋಣೆಯಲ್ಲಿ ಹಾಕುವುದಿಲ್ಲ. ಯಾಕೆಂದು ನಮಗೆಲ್ಲ ಗೊತ್ತು. ಮನೆ ತೋರಿಸುವಾಗ 'ನಿಮ್ಮದು ಯಾವ ಜನ' ಎಂದು ಕೇಳುವ ಊರು ಇದು. ಕೈ ಕೊಡಲು ಬಂದವರು ಅಂಗಳದಲ್ಲೇ ನಿಂತು ಹೋಗುವುದಿಲ್ಲ. ಕೈಕಾಲು ತೊಳೆಯಲು ಒಳಗೆ ಬರುತ್ತಾರೆ, ನೀರು ಕೇಳುತ್ತಾರೆ, ಗೋಡೆ ನೋಡುತ್ತಾರೆ. ಸಹಾಯ ಕೇಳದಿರುವುದಕ್ಕೆ ನಾವು ಕೊಡುವ ಕಾರಣ ಸ್ವಾಭಿಮಾನ. ಅದರ ಹಿಂದೆ ಬಾಗಿಲು ತೆರೆಯುವ ಭಯವೂ ಇರುತ್ತದೆ. ಈ ಭಯ ನಮ್ಮ ಕಲ್ಪನೆಯದ್ದಲ್ಲ, ಅನುಭವದಿಂದ ಬಂದದ್ದು. ಒಂಟಿಯಾಗಿರುವವರಿಗೆ ಅದು ಎರಡು ಪಟ್ಟು, ಏಕೆಂದರೆ ಫೋಟೋ ನೋಡಿದ ಮೇಲೆ ಪಕ್ಕದ ಮನೆಯ ಮಾತು ನಿಂತರೆ ಇನ್ನು ಮಾತಾಡಲು ಬೇರೆ ಯಾರೂ ಇಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಬಂಧುತ್ವವಿಲ್ಲದ ಸ್ವಾತಂತ್ರ್ಯ ಸಮಾನತೆಗಳು ಬಳಿದ ಬಣ್ಣದಷ್ಟೇ ತೆಳ್ಳಗೆ ಎಂಬರ್ಥದಲ್ಲಿ ಮಾತಾಡಿದರು. ಸಮಾನತೆಯನ್ನು ಕಾನೂನಿನಿಂದ ಕೇಳಬಹುದು, ಅಜಲನ್ನು ನಿಷೇಧಿಸಬಹುದು. ಬಂಧುತ್ವಕ್ಕೆ ಅರ್ಜಿ ಹಾಕುವ ಕಚೇರಿ ಇಲ್ಲ. ಅದು ಯಾರಾದರೂ ಮೊದಲು ಕೈಸನ್ನೆ ಮಾಡಿದಾಗ ಮಾತ್ರ ಶುರುವಾಗುತ್ತದೆ. ಆ ಮೊದಲ ಸನ್ನೆಯ ಹೊರೆ ಯಾವಾಗಲೂ ನಮ್ಮ ಮೇಲೇ ಯಾಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ನನ್ನ ಬಳಿ ಅದಕ್ಕೆ ಪೂರ್ತಿ ಉತ್ತರವಿಲ್ಲ. ಪೂಲ್ ನನ್ನ ಅಂಗಳದಲ್ಲಿತ್ತು, ಹಾಗಾಗಿ ನಾನು ಕರೆದೆ.

ಬಾಯಮ್ಮ ಬಂದರು. ನಾವಿಬ್ಬರು ಅಂಚು ಎತ್ತಿದೆವು, ಸಂದು ಬಿಡಿಸಿದೆವು, ಹಾಳೆಯನ್ನು ಬಿಸಿಲಿಗೆ ಹರಡಿ ಮಗುಚಿದೆವು. ಒಣಗುವವರೆಗೆ ಒಳಗೆ ಕೂತೆವು. ಚಹಾಕ್ಕೆ ನೀರಿಡುವಾಗ ಅವರು ಗೋಡೆ ನೋಡುತ್ತಿರುವುದು ಗೊತ್ತಾಯಿತು. "ಬುದ್ಧನ ಪಕ್ಕದಲ್ಲಿರುದು ಅಂಬೇಡ್ಕರ್ ಅಲ್ವಾ ಟೀಚರೇ?" ಎಂದರು. "ಹೌದು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿ, ಡಾಕ್ಟರಿಗೆ ಹೇಳ್ಬೇಡಿ" ಎಂದರು. ಆಮೇಲೆ ಇಬ್ಬರೂ ತುದಿ ಹಿಡಿದು ಮಡಚಿ, ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಸೇರಿಸಿದೆವು. ಹಳ್ಳಿಯಲ್ಲಿ ಮುಯ್ಯಾಳು ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನವೆಂಬರಿನಲ್ಲಿ ಅವರ ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಜೊತೆ ಹೋಗುವುದು ನನ್ನ ಪಾಲು.

ಎಲ್ಲರ ಪಕ್ಕದಲ್ಲೂ ಇಂಥ ಬಾಯಮ್ಮ ಇರುವುದಿಲ್ಲ. ಫೋಟೋ ನೋಡಿದ ಮೇಲೆ ಚಹಾ ಬೇಡವೆಂದು ಎದ್ದುಹೋದ ಪಕ್ಕದ ಮನೆಯವರ ಕಥೆಯನ್ನು ನಮ್ಮ ಗುಂಪಿನಲ್ಲೇ ಇಬ್ಬರು ಹೇಳಿದ್ದಾರೆ. ಅಂಥ ಕಡೆ ಇರುವವರಿಗೆ ಸಂಘವೇ ಎರಡನೆಯ ಕೈ ಆಗಬೇಕು. ಹಾಗಾಗಿ ಒಂದು ಕೋರಿಕೆ. ಮಳೆ ಹಿಡಿಯುವ ಮೊದಲು ನಿಮ್ಮ ಮನೆಯಲ್ಲಿ ಒಬ್ಬರಿಂದ ಆಗದ ಕೆಲಸ ಯಾವುದಿದೆ, ಅಂದರೆ ಟ್ಯಾಂಕ್ ತೊಳೆಯುವುದು, ಹೆಂಚು ಸರಿಸುವುದು, ಕಪಾಟು ಜರುಗಿಸುವುದು, ಏನಿದ್ದರೂ ಈ ಗುಂಪಿನಲ್ಲಿ ಬರೆಯಿರಿ. ಗುಂಪಿನಲ್ಲಿ ಬರೆಯಲು ಸಂಕೋಚವಾದರೆ ನನಗೊಬ್ಬಳಿಗೇ ಕಳಿಸಿ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಶಾಲೆ ಬಿಡುತ್ತದೆ, ಆಮೇಲೆ ನಾನು ಖಾಲಿ. ಸಿಲಿಂಡರ್ ಉರುಳಿಸುವ ಅಕ್ಕ, ಮುಂದಿನ ಸಿಲಿಂಡರ್ ಯಾವತ್ತು ಬರುತ್ತದೆ ಎಂದು ದಯವಿಟ್ಟು ತಿಳಿಸಿ.

ಜೈ ಭೀಮ್, ನಮೋ ಬುದ್ಧಾಯ.